ಗುಳಿಗೆಯೋ, ಕಾಪರ್-ಟಿಯೋ, ಇಂಜೆಕ್ಷನ್ನೋ? ಕ್ಲಿನಿಕ್ಕಿಗೆ ಹೋಗುವ ಮೊದಲು ಒಂದಿಷ್ಟು ಮಾತು

"ಯಾವುದು ಒಳ್ಳೆಯದು ಅಂತ ನೀವೇ ಹೇಳಿ, ಅದನ್ನೇ ಕೊಡಿ." ಫ್ಯಾಮಿಲಿ ಪ್ಲಾನಿಂಗ್ ಕ್ಲಿನಿಕ್ಕಿನಲ್ಲಿ ಕುರ್ಚಿ ಎಳೆದು ಕೂತವರು ಸಾಮಾನ್ಯವಾಗಿ ಹೇಳುವ ಮೊದಲ ಮಾತು ಇದು. ತಪ್ಪೇನಿಲ್ಲ. ಹಲ್ಲುನೋವಿಗೆ ಹೋದಾಗಲೂ ನಾವು ಹಾಗೇ ಕೇಳುತ್ತೇವೆ, ಅಲ್ವಾ? ಆದರೆ ಇಲ್ಲಿ ಕಾಯಿಲೆ ಅಂತ ಏನೂ ಇಲ್ಲ. ಆರೋಗ್ಯವಾಗಿರುವ ಒಬ್ಬರು, ಸದ್ಯಕ್ಕೆ ಮಗು ಬೇಡ ಎಂದುಕೊಂಡು, ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ಏನನ್ನೋ ಪಾಲಿಸುತ್ತಾ ಹೋಗಬೇಕು. ಅದಕ್ಕೇ ನಾನು ಹೇಳುವುದು, ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಇದನ್ನು ನಾನು ಎಷ್ಟು ಸಲ ನೆನಪಿಟ್ಟುಕೊಂಡು ಮಾಡಬೇಕು?

ಯಾಕೆ ಅಂತ ಅಂಕಿಗಳೇ ಹೇಳುತ್ತವೆ. ಯಾವ ವಿಧಾನವನ್ನೂ ಬಳಸದೆ ಇದ್ದರೆ, 100 ಹೆಂಗಸರಲ್ಲಿ ಸುಮಾರು 85 ಮಂದಿ ಒಂದು ವರ್ಷದೊಳಗೆ ಬಸಿರಾಗುತ್ತಾರೆ. ಅದೇ 100 ಮಂದಿ ದಿನಾ ಗುಳಿಗೆ ನುಂಗಿದರೆ, ಒಂದು ದಿನವೂ ತಪ್ಪದೆ ನುಂಗಿದರೆ, ಒಬ್ಬರೂ ಬಸಿರಾಗದೆ ವರ್ಷ ಕಳೆಯುವ ಸಾಧ್ಯತೆಯೇ ಜಾಸ್ತಿ. 1000 ಮಂದಿಯಲ್ಲಿ ಮೂವರಿಗೆ ಮಾತ್ರ ಗುಳಿಗೆ ಕೈ ಕೊಡುತ್ತದೆ. ಆದರೆ ಮನುಷ್ಯರು ಹಾಗೆ ಬದುಕುವುದಿಲ್ಲ. ಪ್ರಯಾಣ ಇರುತ್ತದೆ, ಜ್ವರ ಬರುತ್ತದೆ, ಗುಳಿಗೆಯ ಹೊಸ ಪಟ್ಟಿ ತರುವುದು ತಡವಾಗುತ್ತದೆ, ಸುಮ್ನೆ ಮರೆತೂ ಹೋಗುತ್ತದೆ. ನಿಜ ಬದುಕಿನಲ್ಲಿ ಗುಳಿಗೆ ಬಳಸುವ 100 ಮಂದಿಯಲ್ಲಿ 7 ಮಂದಿ ವರ್ಷದಲ್ಲಿ ಬಸಿರಾಗುತ್ತಾರೆ. ಕಾಂಡೋಮ್ ಕೂಡ ಹಾಗೇ. ಪ್ರತಿ ಸಲವೂ ಸರಿಯಾಗಿ ಬಳಸಿದರೆ 100ಕ್ಕೆ 2, ಸಾಮಾನ್ಯವಾಗಿ ಜನ ಬಳಸುವ ರೀತಿಯಲ್ಲಿ 100ಕ್ಕೆ 13. ಈಗ ಗರ್ಭಕೋಶದೊಳಗೆ ಹಾಕುವ ಕಾಪರ್-ಟಿ ನೋಡಿ. ಸರಿಯಾದ ಬಳಕೆಯಲ್ಲಿ 0.6, ನಿಜ ಬದುಕಿನಲ್ಲಿ 0.8. ಎರಡಕ್ಕೂ ಅಂತರವೇ ಇಲ್ಲದಂತಾಯಿತು. ಯಾಕೆಂದರೆ ಒಮ್ಮೆ ಹಾಕಿಸಿಕೊಂಡ ಮೇಲೆ ನೀವು ಮರೆಯಲು ಏನೂ ಉಳಿದಿರುವುದಿಲ್ಲ.

ಹಾಗಂತ ಎಲ್ಲರೂ ಕಾಪರ್-ಟಿಗೆ ಓಡಬೇಕು ಅಂತ ನಾನು ಹೇಳುತ್ತಿಲ್ಲ. ಮರೆತಿರಬಹುದು ಎನ್ನುವುದಕ್ಕೂ ಒಂದು ಬೆಲೆ ಇದೆ. ಅದಕ್ಕೆ ಆಮೇಲೆ ಬರೋಣ.

ಪ್ರತಿ ಸಲ ನೆನಪಿಡಬೇಕಾದವು

ಕಾಂಡೋಮ್ ಬಗ್ಗೆ ಎಲ್ಲರಿಗೂ ಗೊತ್ತು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದಕ್ಕೇ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಕ್ಲಿನಿಕ್ಕಿನಲ್ಲಿ ಕೈಗೊಂದು ಪ್ಯಾಕೆಟ್ ಕೊಟ್ಟು ಕಳಿಸಿಬಿಡುತ್ತಾರೆ. ಎರಡು ತಪ್ಪುಗಳು ತುಂಬಾ ಸಾಮಾನ್ಯ. ಒಂದು, ಶುರುವಿನಲ್ಲಿ ಹಾಕದೆ ಮಧ್ಯದಲ್ಲಿ ಹಾಕುವುದು. ಇನ್ನೊಂದು, ಎಣ್ಣೆ, ವ್ಯಾಸಲಿನ್, ಬಾಡಿ ಲೋಷನ್ ಹಚ್ಚುವುದು. ಲೇಟೆಕ್ಸ್ ಕಾಂಡೋಮ್ ಎಣ್ಣೆ ತಾಗಿದರೆ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ, ಕಣ್ಣಿಗೆ ಕಾಣಿಸದೇ ಇರಬಹುದು ಅಷ್ಟೇ. ನೀರಿನ ಅಂಶದ ಜೆಲ್ ಆದರೆ ತೊಂದರೆ ಇಲ್ಲ. ಎರಡು ಹಾಕಿಕೊಂಡರೆ ಡಬಲ್ ರಕ್ಷಣೆ ಎಂಬ ಲೆಕ್ಕವೂ ತಪ್ಪು, ಒಂದಕ್ಕೊಂದು ಉಜ್ಜಿ ಹರಿಯುತ್ತವೆ.

ಆದರೂ ಕಾಂಡೋಮನ್ನು ಕೀಳಾಗಿ ನೋಡಬೇಡಿ. ಎಚ್‌ಐವಿ ಮತ್ತು ಇತರ ಲೈಂಗಿಕ ಸೋಂಕುಗಳಿಂದಲೂ ಕಾಪಾಡುವುದು ಈ ಪಟ್ಟಿಯಲ್ಲಿ ಅದೊಂದೇ. ಗುಳಿಗೆ, ಇಂಜೆಕ್ಷನ್, ಕಾಪರ್-ಟಿ, ಆಪರೇಷನ್ ಯಾವುದಕ್ಕೂ ಆ ಶಕ್ತಿ ಇಲ್ಲ. ಹಾಗಾಗಿ ಬೇರೆ ವಿಧಾನದ ಜೊತೆಗೆ ಕಾಂಡೋಮ್ ಕೂಡ ಇರಲಿ ಎಂದು ಕ್ಲಿನಿಕ್ಕಿನವರು ಹೇಳಿದರೆ ಅದು ನಿಮ್ಮ ಮೇಲಿನ ಅನುಮಾನದಿಂದ ಅಂತ ಬೇಸರ ಮಾಡಿಕೊಳ್ಳಬೇಡಿ. ಎಲ್ಲರಿಗೂ ಹೇಳುವ ಮಾತದು. ಹೆಂಗಸರು ಒಳಗೆ ಹಾಕಿಕೊಳ್ಳುವ ಕಾಂಡೋಮ್ ಕೂಡ ಇದೆ. ಗಂಡಸಿನ ಒಪ್ಪಿಗೆಗೆ ಕಾಯಬೇಕಿಲ್ಲ ಅನ್ನುವುದು ಅದರ ದೊಡ್ಡ ಗುಣ, ಅಭ್ಯಾಸ ಆಗಲು ಸ್ವಲ್ಪ ದಿನ ಬೇಕು ಅನ್ನುವುದು ಕೊರತೆ.

ಇನ್ನು ಕೊನೇ ಗಳಿಗೆಯಲ್ಲಿ ಹೊರಗೆ ತೆಗೆಯುವುದು. ಇದನ್ನು ವಿಧಾನ ಅಂತ ಲೆಕ್ಕ ಹಾಕಲು ಕೆಲವರು ಒಪ್ಪುವುದಿಲ್ಲ. ಆದರೆ ಬಳಸುವವರು ಬೇಕಾದಷ್ಟಿದ್ದಾರೆ, ಹಾಗಾಗಿ ಅಂಕಿ ಹೇಳಿಬಿಡುತ್ತೇನೆ: ವರ್ಷಕ್ಕೆ 100ರಲ್ಲಿ 20. ಏನೂ ಮಾಡದಿರುವುದಕ್ಕಿಂತ ವಾಸಿ, ಆದರೆ ಐವರಲ್ಲಿ ಒಬ್ಬರು.

ದಿನ ಎಣಿಸುವ ವಿಧಾನಕ್ಕೆ ಒಂದು ಸಣ್ಣ ವಿಜ್ಞಾನ ಇದೆ. ಅಂಡಾಣು ಹೊರಬಂದ ಮೇಲೆ ಒಂದು ದಿನ ಬದುಕಿದ್ದರೆ ಹೆಚ್ಚು. ವೀರ್ಯಾಣು ಹಾಗಲ್ಲ, ಹೆಂಗಸಿನ ದೇಹದೊಳಗೆ ಐದು ದಿನದವರೆಗೂ ಕಾದು ಕೂರಬಲ್ಲದು. ಅಂದರೆ ಸೋಮವಾರ ಸೇರಿದ್ದಕ್ಕೆ ಶುಕ್ರವಾರ ಬಸಿರು ನಿಲ್ಲಬಹುದು. ಮುಟ್ಟಿನ ಚಕ್ರ ತಪ್ಪದೆ 26ರಿಂದ 32 ದಿನದೊಳಗೆ ಬರುವವರು, ಮುಟ್ಟಾದ ಮೊದಲ ದಿನದಿಂದ ಎಣಿಸಿ 8ನೇ ದಿನದಿಂದ 19ನೇ ದಿನದವರೆಗೆ ದೂರ ಇರಬೇಕು ಅಥವಾ ಕಾಂಡೋಮ್ ಬಳಸಬೇಕು. ಒಮ್ಮೆ 24, ಒಮ್ಮೆ 40 ದಿನ ಅನ್ನುವವರಿಗೆ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಮೊಬೈಲ್ ಆ್ಯಪ್ ಹಸಿರು ಬಣ್ಣ ತೋರಿಸಿತು ಅಂತ ನಂಬಿ ಕೂರುವ ಮುಂಚೆ ಇದನ್ನು ಯೋಚಿಸಿ.

ದಿನಾ ಒಂದು ಗುಳಿಗೆ

ಗುಳಿಗೆಯಲ್ಲಿ ಎರಡು ಜಾತಿ. ಸಾಮಾನ್ಯವಾಗಿ ಸಿಗುವುದರಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನು ಇರುತ್ತವೆ. ಇವು ಅಂಡಾಶಯಕ್ಕೆ "ಈ ತಿಂಗಳು ಅಂಡಾಣು ಬಿಡಬೇಡ" ಎಂದು ಹೇಳಿದಂತೆ. ಅಂಡಾಣುವೇ ಬರದಿದ್ದರೆ ಬಸಿರೆಲ್ಲಿಂದ? ಎರಡನೆಯದರಲ್ಲಿ ಪ್ರೊಜೆಸ್ಟಿನ್ ಒಂದೇ. ಎದೆಹಾಲು ಕುಡಿಸುವವರಿಗೆ, ಈಸ್ಟ್ರೋಜೆನ್ ಆಗದವರಿಗೆ ಅದನ್ನು ಕೊಡುತ್ತಾರೆ. ಹಳೆಯ ಬಗೆಯ ಪ್ರೊಜೆಸ್ಟಿನ್ ಗುಳಿಗೆಗೆ ಗಡಿಯಾರದ ಶಿಸ್ತು ಬೇಕು, ಮೂರು ಗಂಟೆ ತಡವಾದರೂ ತಪ್ಪಿಸಿದ ಲೆಕ್ಕ. ನಿಮಗೆ ಕೊಟ್ಟಿದ್ದು ಯಾವ ಜಾತಿ ಎಂದು ಕೇಳಿ ತಿಳಿದುಕೊಳ್ಳಿ, ಯಾಕೆಂದರೆ ಮರೆತಾಗ ಮಾಡಬೇಕಾದದ್ದು ಎರಡಕ್ಕೂ ಬೇರೆ ಬೇರೆ.

ಎರಡು ಹಾರ್ಮೋನಿನ ಗುಳಿಗೆ ಒಂದು ದಿನ ಮರೆತರೆ ಗಾಬರಿ ಬೇಡ. ನೆನಪಾದ ತಕ್ಷಣ ನುಂಗಿ. ಅವತ್ತಿನದನ್ನು ಅವತ್ತಿನ ಹೊತ್ತಿಗೇ ನುಂಗಿ, ಒಂದೇ ದಿನ ಎರಡಾದರೂ ಸರಿ. ಎರಡು ದಿನ ಅಥವಾ ಹೆಚ್ಚು ಮರೆತಿದ್ದರೆ, ಕೊನೆಗೆ ಮರೆತ ಒಂದನ್ನು ನುಂಗಿ, ಉಳಿದ ಮರೆತವನ್ನು ಬಿಟ್ಟುಬಿಡಿ, ಮುಂದಿನ ಏಳು ದಿನ ಕಾಂಡೋಮ್ ಬಳಸಿ. ಪಟ್ಟಿಯ ಮೊದಲ ವಾರದಲ್ಲಿ ಹೀಗಾಗಿ, ಆ ನಡುವೆ ಸೇರಿದ್ದರೆ, ತುರ್ತು ಗುಳಿಗೆ ಬೇಕಾ ಅಂತ ಕ್ಲಿನಿಕ್ಕಿನಲ್ಲಿ ಕೇಳಿ. ಮೂರನೇ ವಾರದಲ್ಲಿ ಆಗಿದ್ದರೆ, ಹಾರ್ಮೋನ್ ಇರುವ ಗುಳಿಗೆ ಮುಗಿದ ಮರುದಿನವೇ ಹೊಸ ಪಟ್ಟಿ ಶುರು ಮಾಡಿ, ಎರಡು ಪಟ್ಟಿಗಳ ಮಧ್ಯೆ ಹಾರ್ಮೋನ್ ಇಲ್ಲದೆ ಕಳೆಯುವ ಏಳು ದಿನದ ಬಿಡುವು ಬೇಡ. ಒಂದು ವಿಚಿತ್ರ ನೋಡಿ, ಅತಿ ಅಪಾಯದ ಮರೆವು ಪಟ್ಟಿಯ ಮಧ್ಯದಲ್ಲಿ ಆಗುವುದಲ್ಲ, ಹೊಸ ಪಟ್ಟಿಯನ್ನು ತಡವಾಗಿ ಶುರು ಮಾಡುವುದು. ಏಳು ದಿನ ಬಿಡುವು ಎಂಟೋ ಒಂಬತ್ತೋ ಆದರೆ ಅಂಡಾಶಯ ಎಚ್ಚರವಾಗಿಬಿಡುತ್ತದೆ.

ಗುಳಿಗೆ ಎಲ್ಲರಿಗೂ ಅಲ್ಲ. ಬಿಪಿ ಜಾಸ್ತಿ ಇರುವವರು, 35 ದಾಟಿ ಸಿಗರೇಟು ಸೇದುವವರು, ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ತಲೆಶೂಲೆ ಬರುವ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವವರು, ಇವರಿಗೆಲ್ಲ ಈಸ್ಟ್ರೋಜೆನ್ ಇರುವ ಗುಳಿಗೆ ಬೇಡ. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಅಥವಾ ಫಿಟ್ಸ್‌ಗೆ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ಹೇಳಿ. ಆ ಔಷಧಿಗಳಲ್ಲಿ ಕೆಲವು ಗುಳಿಗೆಯ ಬಲವನ್ನೇ ತಿಂದುಹಾಕುತ್ತವೆ.

ರಕ್ತ ಹೆಪ್ಪುಗಟ್ಟುವ ಭಯವನ್ನು ಸರಿಯಾದ ತಕ್ಕಡಿಯಲ್ಲಿಟ್ಟು ತೂಗಬೇಕು. ಗುಳಿಗೆ ತೆಗೆದುಕೊಳ್ಳದ, ಬಸಿರೂ ಇಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಹೀಗಾಗುತ್ತದೆ. ಗುಳಿಗೆ ನುಂಗುವವರಲ್ಲಿ 3ರಿಂದ 9. ಬಸುರಿಯರಲ್ಲಿ 5ರಿಂದ 20. ಬಾಣಂತನದ ಮೊದಲ 12 ವಾರಗಳಲ್ಲಿ 40ರಿಂದ 65. ಗುಳಿಗೆಯಿಂದ ಅಪಾಯ ಹೆಚ್ಚುತ್ತದೆ ಎಂಬುದು ನಿಜ. ಅದರಿಂದ ತಪ್ಪಿಸಿಕೊಳ್ಳಲು ಹೋಗಿ ಬೇಡದ ಬಸಿರು ಹೊತ್ತರೆ ಅಪಾಯ ಇನ್ನೂ ಹೆಚ್ಚು ಎಂಬುದೂ ನಿಜ. ಎರಡನೆಯದನ್ನು ಯಾರೂ ಹೇಳುವುದೇ ಇಲ್ಲ.

ಇಲ್ಲೊಂದು ಹಳೆಯ ಕತೆ ಹೇಳಬೇಕು. ಮೊದಲ ಗರ್ಭನಿರೋಧಕ ಗುಳಿಗೆ ಎನೋವಿಡ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ಅದರ ದೊಡ್ಡ ಪ್ರಯೋಗ ನಡೆದದ್ದು 1956ರಿಂದ, ಪೋರ್ಟೊರಿಕೊದ ಬಡ ಹೆಂಗಸರ ಮೇಲೆ. ತಲೆಸುತ್ತು, ವಾಂತಿ, ತಲೆನೋವು ಎಂದು ಅವರು ಹೇಳಿಕೊಂಡರೆ, ಪ್ರಯೋಗ ನಡೆಸಿದವರು ಅದನ್ನು ಗಟ್ಟಿಯಾಗಿ ಹಿಡಿಯಲಿಲ್ಲ. ಆ ಗುಳಿಗೆಯಲ್ಲಿದ್ದ ಈಸ್ಟ್ರೋಜೆನ್ 150 ಮೈಕ್ರೋಗ್ರಾಂ. ಇವತ್ತಿನ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು 20ರಿಂದ 35. ಹತ್ತು ವರ್ಷದ ಮೇಲೆ, 1970ರಲ್ಲಿ, ಅಮೆರಿಕದ ಸೆನೆಟ್ ಸದಸ್ಯ ಗೇಲಾರ್ಡ್ ನೆಲ್ಸನ್ ಗುಳಿಗೆಯ ಅಪಾಯಗಳ ಬಗ್ಗೆ ವಿಚಾರಣೆ ಕರೆದರು. ಅಲ್ಲಿ ಮಾತಾಡಲು ಗುಳಿಗೆ ನುಂಗಿದ ಒಬ್ಬ ಹೆಂಗಸನ್ನೂ ಕರೆದಿರಲಿಲ್ಲ. ಸಭೆಯಲ್ಲಿ ಕೂತಿದ್ದ ಹೆಂಗಸರು ಎದ್ದು ನಿಂತು ಕೂಗಿದರು. ಅದಾದ ಮೇಲೆ ಪ್ರತಿ ಪ್ಯಾಕೆಟ್ಟಿನೊಳಗೆ ಬಳಸುವವರಿಗೆಂದೇ ಬರೆದ ಚೀಟಿ ಇಡಬೇಕು ಎಂಬ ನಿಯಮ ಬಂತು. ನಾವು ಬಿಚ್ಚಿ ನೋಡದೆ ಎಸೆಯುವ, ಹತ್ತು ಮಡಿಕೆಯ ಆ ಕಾಗದ ಹಾಗೆ ಬಂದದ್ದು. ಒಮ್ಮೆಯಾದರೂ ಓದಿ.

ಇಂಜೆಕ್ಷನ್

ಮೂರು ತಿಂಗಳಿಗೊಮ್ಮೆ, ಲೆಕ್ಕವಾಗಿ ಹೇಳಬೇಕೆಂದರೆ 13 ವಾರಕ್ಕೊಮ್ಮೆ. ದಿನಾ ನೆನಪಿಡುವ ಕಾಟ ಇಲ್ಲ, ಮನೆಯಲ್ಲಿ ಗುಳಿಗೆ ಪಟ್ಟಿ ಬಚ್ಚಿಡುವ ಪಾಡೂ ಇಲ್ಲ. ಕೆಲವರು ಇದನ್ನು ಆರಿಸಿಕೊಳ್ಳುವುದು ಆ ಗುಟ್ಟಿನ ಕಾರಣಕ್ಕೇ. ಕ್ಲಿನಿಕ್ಕಿನವರಿಗೂ ಅದು ಗೊತ್ತಿರುತ್ತದೆ, ಅವರು ಪ್ರಶ್ನೆ ಮಾಡಬಾರದು.

ಹಾಕಿಸಿಕೊಳ್ಳುವ ಮುಂಚೆ ಮೂರು ವಿಷಯ ಗೊತ್ತಿರಲಿ. ಮುಟ್ಟು ಮೊದಲು ಅಸ್ತವ್ಯಸ್ತ ಆಗುತ್ತದೆ, ಆಮೇಲೆ ಎಷ್ಟೋ ಜನರಿಗೆ ನಿಂತೇ ಹೋಗುತ್ತದೆ. ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂಬ ಮಾತು ಸುಳ್ಳು. ಗರ್ಭಕೋಶದ ಒಳಪದರ ದಪ್ಪವಾಗಿ ಬೆಳೆಯುವುದೇ ಇಲ್ಲ, ಹೊರಗೆ ಬರಲು ಏನೂ ಇರುವುದಿಲ್ಲ. ಎರಡನೆಯದು, ಕೆಲವರಿಗೆ ತೂಕ ಏರುತ್ತದೆ, ಬಳಸುವಷ್ಟು ದಿನ ಮೂಳೆಯ ಸಾಂದ್ರತೆ ಸ್ವಲ್ಪ ಕಡಿಮೆ ಆಗುತ್ತದೆ, ಬಿಟ್ಟ ಮೇಲೆ ಅದು ಮರಳುತ್ತದೆ. ಮೂರನೆಯದು ಮುಖ್ಯ. ಒಮ್ಮೆ ಚುಚ್ಚಿದ ಔಷಧಿಯನ್ನು ಹೊರಗೆ ತೆಗೆಯಲು ಆಗುವುದಿಲ್ಲ. ಬಿಟ್ಟ ಮೇಲೆ ಮತ್ತೆ ಬಸಿರಾಗಲು ಕೊನೆಯ ಇಂಜೆಕ್ಷನ್‌ನಿಂದ ಸರಾಸರಿ ಹತ್ತು ತಿಂಗಳು ಹಿಡಿಯುತ್ತದೆ. ಬಂಜೆತನ ಬರುವುದಿಲ್ಲ, ತಡ ಆಗುತ್ತದೆ. ಮುಂದಿನ ವರ್ಷವೇ ಮಗು ಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ.

ವರ್ಷಗಟ್ಟಲೆ ಮರೆತಿರಬಹುದಾದವು

ಕಾಪರ್-ಟಿ, ಹಾರ್ಮೋನ್ ಇರುವ ವಂಕಿ (ವಂಕಿ ಅಂದರೆ ಗರ್ಭಕೋಶದೊಳಗೆ ಇಡುವ ಸಾಧನ, ಕಾಪರ್-ಟಿಯೂ ಒಂದು ವಂಕಿಯೇ), ತೋಳಿನೊಳಗೆ ಇಡುವ ಇಂಪ್ಲಾಂಟ್. ಈ ಮೂರನ್ನು ಕ್ಲಿನಿಕ್ಕಿನ ನರ್ಸ್ ಅಥವಾ ಡಾಕ್ಟರೇ ಹಾಕಬೇಕು, ತೆಗೆಯಲೂ ಅವರೇ ಬೇಕು.

ಇಂಗ್ಲಿಷ್ ಟಿ ಅಕ್ಷರದ ಹಾಗಿರುವ ಸಣ್ಣ ಪ್ಲಾಸ್ಟಿಕ್, ಅದಕ್ಕೆ ಸುತ್ತಿದ ತಾಮ್ರ, ತುದಿಯಲ್ಲಿ ಎರಡು ದಾರ. ಕಾಪರ್-ಟಿ ಅಂದರೆ ಇಷ್ಟೇ. ಹೆಸರಿನ ಮುಂದೆ 380 ಎಂದು ಇರುವುದು ತಾಮ್ರದ ಮೇಲ್ಮೈ ಅಳತೆ, 380 ಚದರ ಮಿಲಿಮೀಟರ್. ತಾಮ್ರ ವೀರ್ಯಾಣುಗಳಿಗೆ ವಿಷ ಇದ್ದ ಹಾಗೆ, ಅವು ಅಂಡಾಣುವಿನ ತನಕ ಹೋಗಲು ಬಿಡುವುದಿಲ್ಲ. ಹಾರ್ಮೋನು ಇಲ್ಲ. ಹತ್ತು ವರ್ಷ ಕೆಲಸ ಮಾಡುತ್ತದೆ. ತೆಗೆಸಿದ ತಿಂಗಳೇ ಬಸಿರಾಗಬಹುದು.

ಹಾಕುವ ಕೆಲಸ ಐದು ಹತ್ತು ನಿಮಿಷದ್ದು. ನೋವಾಗುತ್ತದಾ? ಕೆಲವರಿಗೆ ಮುಟ್ಟಿನ ಹೊಟ್ಟೆನೋವಿನಷ್ಟು, ಕೆಲವರಿಗೆ ಅದಕ್ಕಿಂತ ಬಹಳ ಜಾಸ್ತಿ. "ಏನೂ ಆಗಲ್ಲ, ಸುಮ್ನಿರಿ" ಎಂದು ಹೇಳಿ ಹಾಕುವುದು ನನಗೆ ಸ್ವಲ್ಪವೂ ಇಷ್ಟವಾಗದ ಅಭ್ಯಾಸ. ನೋವಿನ ಮಾತ್ರೆ, ಮರಗಟ್ಟಿಸುವ ಔಷಧಿ ಕೊಡುತ್ತೀರಾ ಎಂದು ಮೊದಲೇ ಕೇಳಿ. ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ರಕ್ತ ಜಾಸ್ತಿ, ಹೊಟ್ಟೆನೋವು ಜಾಸ್ತಿ. ಮೊದಲೇ ರಕ್ತ ಕಡಿಮೆ ಇರುವವರು, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವರು ಇದರ ಬದಲು ಹಾರ್ಮೋನ್ ವಂಕಿ ಕೇಳಬಹುದು. ಅದರಲ್ಲಿ ಮುಟ್ಟು ಕಡಿಮೆ ಆಗುತ್ತದೆ. ವಿಪರೀತ ರಕ್ತಸ್ರಾವಕ್ಕೆ ಚಿಕಿತ್ಸೆಯಾಗಿಯೂ ಅದನ್ನು ಹಾಕುತ್ತಾರೆ.

ವಂಕಿ ಮೇಲೆ ಹೊಟ್ಟೆಗೆ, ಎದೆಗೆ, ತಲೆಗೆ ಏರಿಬಿಡುತ್ತದೆ ಎಂಬ ಭಯ ಎಷ್ಟೋ ಜನರಿಗಿದೆ. ಗರ್ಭಕೋಶ ಮುಚ್ಚಿದ ಚೀಲ, ಅಲ್ಲಿಂದ ತಲೆಗೆ ದಾರಿ ಇಲ್ಲ. ಆದರೆ ಭಯಕ್ಕೆ ಒಂದು ಎಳೆ ನಿಜ ಇದೆ. ಹಾಕುವಾಗ ಸಾವಿರಕ್ಕೆ ಒಬ್ಬರಲ್ಲಿ ಗರ್ಭಕೋಶದ ಗೋಡೆಗೆ ತೂತಾಗಬಹುದು. ಇಪ್ಪತ್ತರಲ್ಲಿ ಒಬ್ಬರಿಗೆ ವಂಕಿ ತಾನಾಗಿ ಜಾರಿ ಹೊರಬರಬಹುದು, ಬಹುಮಟ್ಟಿಗೆ ಮೊದಲ ತಿಂಗಳುಗಳಲ್ಲಿ. ಅದಕ್ಕೇ ದಾರ ತಾಗುತ್ತದೆಯೇ ಎಂದು ಆಗಾಗ ಬೆರಳಿನಿಂದ ನೋಡಿಕೊಳ್ಳುವುದನ್ನು ಹೇಳಿಕೊಡುತ್ತಾರೆ. ದಾರ ಸಿಗದಿದ್ದರೆ ಎಳೆದಾಡಬೇಡಿ, ಕ್ಲಿನಿಕ್ಕಿಗೆ ಹೋಗಿ, ಅಲ್ಲಿಯವರೆಗೆ ಕಾಂಡೋಮ್.

ಇನ್ನೊಂದು ಹಳೇ ಹೆದರಿಕೆ, ಮಕ್ಕಳಾಗದವರು ಇದನ್ನು ಹಾಕಿಸಿಕೊಳ್ಳಬಾರದು, ಸೋಂಕಾಗಿ ಬಂಜೆತನ ಬರುತ್ತದೆ ಎನ್ನುವುದು. ಇದರ ಬೇರು 1970ರ ದಶಕದಲ್ಲಿದೆ. ಡಾಲ್ಕನ್ ಶೀಲ್ಡ್ ಎಂಬ ವಂಕಿಯ ದಾರ ಹಲವು ಎಳೆಗಳನ್ನು ಸೇರಿಸಿ ಮಾಡಿದ್ದಾಗಿತ್ತು, ಅದರ ಮೂಲಕ ರೋಗಾಣುಗಳು ಗರ್ಭಕೋಶಕ್ಕೆ ಏರಿ ಅನೇಕರಿಗೆ ಸೋಂಕಾಯಿತು, ಸಾವುಗಳೂ ಆದವು. 1974ರಲ್ಲಿ ಅಮೆರಿಕದಲ್ಲಿ ಅದರ ಮಾರಾಟ ನಿಂತಿತು. ಇವತ್ತಿನ ವಂಕಿಗಳಲ್ಲಿರುವುದು ಒಂಟಿ ಎಳೆಯ ದಾರ. ಸೋಂಕಿನ ಅಪಾಯ ಸ್ವಲ್ಪ ಹೆಚ್ಚಿರುವುದು ಹಾಕಿದ ಮೊದಲ 20 ದಿನ, ಆಮೇಲೆ ಉಳಿದವರಷ್ಟೇ. ವಸ್ತು ಹೋಗಿ ಐವತ್ತು ವರ್ಷವಾದರೂ ಭಯ ಮಾತ್ರ ಹಾಗೇ ಉಳಿದಿದೆ.

ಇಂಪ್ಲಾಂಟ್ ಬಗ್ಗೆ ಹೇಳಲು ಕಡಿಮೆ ಇದೆ. ಬೆಂಕಿಕಡ್ಡಿಯಷ್ಟು ಉದ್ದದ, ಮೆತ್ತನೆಯ ಕಡ್ಡಿ. ತೋಳಿನ ಒಳಭಾಗದಲ್ಲಿ ಚರ್ಮದ ಕೆಳಗೆ ಇಡುತ್ತಾರೆ. ಬಗೆ ನೋಡಿಕೊಂಡು ಮೂರರಿಂದ ಐದು ವರ್ಷ. ಸೋಲು 1000ಕ್ಕೆ 1, ಎಲ್ಲಕ್ಕಿಂತ ಕಡಿಮೆ. ಜನ ಬೇಸತ್ತು ತೆಗೆಸುವುದು ಹೆಚ್ಚಾಗಿ ಒಂದು ಕಾರಣಕ್ಕೆ: ಯಾವಾಗ ರಕ್ತ ಕಾಣಿಸುತ್ತದೋ ಹೇಳಲಾಗದು.

ಮರೆತಿರಬಹುದು ಎನ್ನುವುದಕ್ಕೂ ಒಂದು ಬೆಲೆ ಇದೆ ಎಂದೆನಲ್ಲ, ಅದು ಇದೇ. ಗುಳಿಗೆ ಬೇಡ ಎನಿಸಿದರೆ ನಾಳೆಯಿಂದಲೇ ಬಿಡಬಹುದು, ಯಾರನ್ನೂ ಕೇಳಬೇಕಿಲ್ಲ. ವಂಕಿ, ಇಂಪ್ಲಾಂಟ್ ಬೇಡ ಎನಿಸಿದರೆ ಇನ್ನೊಬ್ಬರ ಕೈ ಬೇಕು. ಆ ಇನ್ನೊಬ್ಬರು "ಇನ್ನೂ ಆರು ತಿಂಗಳು ನೋಡಿ", "ಹಾಕಿ ಎಷ್ಟು ದಿನ ಆಯಿತು, ಈಗಲೇ ಯಾಕೆ" ಎಂದು ಸಾಗಹಾಕಿದರೆ? ಸಮಾಧಾನ ಹೇಳುವುದು ಸರಿ, ಹೊಂದಿಕೊಳ್ಳಲು ದಿನ ಬೇಕು ಎಂದು ತಿಳಿಸುವುದೂ ಸರಿ. ಆದರೆ ಎಲ್ಲ ಕೇಳಿದ ಮೇಲೂ ತೆಗೆಯಿರಿ ಎಂದರೆ ತೆಗೆಯಬೇಕು, ಕಾರಣ ಹೇಳುವ ಹಂಗೂ ನಿಮಗಿಲ್ಲ. ಎಷ್ಟು ಮಕ್ಕಳು, ಯಾವಾಗ ಎಂದು ಸ್ವತಂತ್ರವಾಗಿ ತೀರ್ಮಾನಿಸುವುದು ತಂದೆತಾಯಿಯರ ಹಕ್ಕು ಎಂದು 1968ರಲ್ಲೇ ಟೆಹರಾನಿನಲ್ಲಿ ನಡೆದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮ್ಮೇಳನ ಘೋಷಿಸಿತ್ತು. ಹಾಗಾಗಿ ಹಾಕಿಸಿಕೊಳ್ಳುವ ಮುಂಚೆಯೇ ಕೇಳಿ: ತೆಗೆಯುವವರು ಯಾರು? ಇಲ್ಲೇ ತೆಗೆಯುತ್ತೀರಾ? ಹಣ ಎಷ್ಟಾಗುತ್ತದೆ? ಉತ್ತರ ಕೊಡಲು ತಡವರಿಸಿದರೆ ಬೇರೆ ಕ್ಲಿನಿಕ್ ನೋಡಿ.

ಒಂದೇ ಸಲದ್ದು

ಆಪರೇಷನ್. ಹೆಂಗಸರದಾದರೆ ಅಂಡನಾಳವನ್ನು ಕಟ್ಟುತ್ತಾರೆ ಅಥವಾ ತೆಗೆಯುತ್ತಾರೆ, ಹೊಟ್ಟೆಯೊಳಗೆ ಹೋಗಬೇಕು, ಅರಿವಳಿಕೆ ಬೇಕು. ಗಂಡಸರದಾದರೆ ವೃಷಣದ ಚೀಲದ ಚರ್ಮದಲ್ಲಿ ಸಣ್ಣ ತೂತು, ಆ ಜಾಗ ಮಾತ್ರ ಮರಗಟ್ಟಿಸಿದರೆ ಸಾಕು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಬ್ಲೇಡು ಹಾಕದೆ ಮಾಡುವ ಈ ವಿಧಾನವನ್ನು ಚೀನಾದ ಡಾಕ್ಟರ್ ಲಿ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದರು. ಸುಲಭ, ಅಪಾಯ ಕಡಿಮೆ, ಸೋಲೂ ಕಡಿಮೆ. ಆದರೂ ಪ್ರಪಂಚದಾದ್ಯಂತ ಆಪರೇಷನ್ ಟೇಬಲ್ಲಿಗೆ ಹತ್ತುವುದು ಹೆಚ್ಚಾಗಿ ಹೆಂಗಸರೇ. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ, ಅಥವಾ ಚೆನ್ನಾಗೇ ಅರ್ಥವಾಗಿದೆ.

ಗಂಡಸರ ಅನುಮಾನಗಳಿಗೆ ನೇರ ಉತ್ತರ: ಶಕ್ತಿ ಹೋಗುವುದಿಲ್ಲ, ಆಸೆ ಕುಂದುವುದಿಲ್ಲ, ವೀರ್ಯ ಮುಂಚಿನಂತೆಯೇ ಬರುತ್ತದೆ. ಗಂಡು ಹಾರ್ಮೋನು ನೇರ ರಕ್ತಕ್ಕೆ ಸೇರುತ್ತದೆ, ಕತ್ತರಿಸಿದ ನಾಳಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಆಪರೇಷನ್ ಆದ ದಿನವೇ ರಕ್ಷಣೆ ಶುರುವಾಗುವುದಿಲ್ಲ. ಮೇಲಿನ ನಾಳದಲ್ಲಿ ಉಳಿದಿರುವ ವೀರ್ಯಾಣುಗಳು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್. ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಸೊನ್ನೆ ಎಂದು ಖಚಿತ ಆದ ಮೇಲೆಯೇ ಬಿಡಬೇಕು. ಈ ಪರೀಕ್ಷೆಗೆ ಬರುವುದನ್ನು ಮರೆಯುವವರು ಬಹಳ. ಆಮೇಲೆ ಬಸಿರಾದರೆ ಹೆಂಡತಿ ಮೇಲೆ ಅನುಮಾನ!

ಎರಡೂ ಆಪರೇಷನ್‌ಗಳನ್ನು ಶಾಶ್ವತ ಎಂದೇ ತಿಳಿಯಬೇಕು. ಮತ್ತೆ ಜೋಡಿಸುವುದು ಕಷ್ಟ, ಜೋಡಿಸಿದರೂ ಮಗು ಆಗುತ್ತದೆ ಎಂಬ ಖಾತ್ರಿ ಇಲ್ಲ. ಹೆರಿಗೆ ನೋವಿನ ಮಧ್ಯೆ ಯಾರಾದರೂ ಕಾಗದ ಹಿಡಿದು ಸಹಿ ಕೇಳಿದರೆ, ಅದು ಒಪ್ಪಿಗೆ ಕೇಳುವ ಸಮಯ ಅಲ್ಲವೇ ಅಲ್ಲ.

ಎಡವಟ್ಟಾದಾಗ

ಕಾಂಡೋಮ್ ಹರಿಯಿತು, ಗುಳಿಗೆ ಮರೆತಿತ್ತು, ಅಥವಾ ಬಲವಂತ ನಡೆಯಿತು. ತುರ್ತು ಗುಳಿಗೆ ಇರುವುದು ಇದಕ್ಕೇ. ಹೆಚ್ಚಾಗಿ ಸಿಗುವ ಲೆವೊನೊರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಒಂದೇ ಗುಳಿಗೆ, 72 ಗಂಟೆಯೊಳಗೆ, ಎಷ್ಟು ಬೇಗ ಅಷ್ಟು ಒಳ್ಳೆಯದು. ಉಲಿಪ್ರಿಸ್ಟಾಲ್ ಎಂಬ ಇನ್ನೊಂದು ಐದು ದಿನದವರೆಗೂ ಕೆಲಸ ಮಾಡುತ್ತದೆ. ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಎಲ್ಲಕ್ಕಿಂತ ಗಟ್ಟಿ ರಕ್ಷಣೆ, ಮುಂದಿನ ವರ್ಷಗಳಿಗೂ ಅದೇ ಆಯಿತು. ಗುಳಿಗೆ ನುಂಗಿ ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ನುಂಗಬೇಕು.

ತುರ್ತು ಗುಳಿಗೆ ಗರ್ಭಪಾತ ಮಾಡುವುದಿಲ್ಲ. ಅಂಡಾಣು ಹೊರಬರುವುದನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ಆಗಲೇ ನಿಂತಿರುವ ಬಸಿರಿಗೆ ಅದರಿಂದ ಏನೂ ಆಗುವುದಿಲ್ಲ. ಮುಂದೆ ತಳ್ಳಿದ್ದರಿಂದಲೇ ಒಂದು ಅಪಾಯವೂ ಇದೆ: ಗುಳಿಗೆ ನುಂಗಿದ ಎರಡು ದಿನಕ್ಕೆ ಮತ್ತೆ ಕಾಂಡೋಮ್ ಇಲ್ಲದೆ ಸೇರಿದರೆ, ತಡವಾಗಿ ಬಂದ ಅಂಡಾಣುವಿಗೆ ಸರಿಯಾಗಿ ಸಿಕ್ಕಿಬೀಳುತ್ತೀರಿ. ಮೂರು ವಾರದೊಳಗೆ ಮುಟ್ಟು ಬರದಿದ್ದರೆ ಬಸಿರಿನ ಪರೀಕ್ಷೆ ಮಾಡಿಸಿ.

ಹೆರಿಗೆ ಆದ ಮೇಲೆ

"ಇನ್ನೂ ಮುಟ್ಟೇ ಆಗಿಲ್ಲ, ಹೇಗೆ ಬಸಿರಾಗುತ್ತೆ?" ಹೀಗೆ ಕೇಳಿ ಕೇಳಿಯೇ ಎಷ್ಟೋ ಮಕ್ಕಳು ಹುಟ್ಟಿವೆ. ಅಂಡಾಣು ಮೊದಲು ಬರುತ್ತದೆ, ಮುಟ್ಟು ಎರಡು ವಾರ ಆಮೇಲೆ. ಎದೆಹಾಲು ಕುಡಿಸದವರಿಗೆ ಹೆರಿಗೆಯಾದ ಮೂರು ವಾರದಿಂದಲೇ ಎಚ್ಚರಿಕೆ ಬೇಕು. ಎದೆಹಾಲು ಒಂದು ರಕ್ಷಣೆ ಹೌದು, ಆದರೆ ಮೂರು ಷರತ್ತು ಒಟ್ಟಿಗೆ ಇರಬೇಕು: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಶುರುವಾಗಿರಬಾರದು. ಮೂರೂ ಇದ್ದರೆ 100ರಲ್ಲಿ 98 ಮಂದಿ ಬಚಾವು. ಒಂದು ತಪ್ಪಿದರೂ ಬೇರೆ ದಾರಿ ನೋಡಿಕೊಳ್ಳಬೇಕು. ವಂಕಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಹಾಕಿಸಬಹುದು, ಇಲ್ಲವಾದರೆ ನಾಲ್ಕು ವಾರ ಕಳೆಯಲಿ. ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಅಂತರ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗರ್ಭ ಹೋದವರಿಗೆ ಅಂಡಾಣು ಇನ್ನೂ ಬೇಗ, ಎರಡು ವಾರದೊಳಗೇ ಬರಬಹುದು.

ಕ್ಲಿನಿಕ್ಕಿನೊಳಗೆ

ಮುಟ್ಟಾದ ದಿನವೇ ಬರಬೇಕು ಎಂದು ವಾಪಸ್ ಕಳಿಸುವವರು ಈಗಲೂ ಇದ್ದಾರೆ. ಅಗತ್ಯ ಇಲ್ಲ. ಬಸಿರಿಲ್ಲ ಎಂದು ತಕ್ಕಮಟ್ಟಿಗೆ ಖಚಿತವಾದರೆ ಯಾವ ದಿನ ಬೇಕಾದರೂ ಶುರು ಮಾಡಬಹುದು. ಅದಕ್ಕೆ ಆರು ಪ್ರಶ್ನೆಗಳಿವೆ. ಕಳೆದ ಏಳು ದಿನದಲ್ಲಿ ಮುಟ್ಟು ಶುರುವಾಯಿತೇ? ಏಳು ದಿನದೊಳಗೆ ಗರ್ಭ ಹೋಯಿತೇ? ನಾಲ್ಕು ವಾರದೊಳಗೆ ಹೆರಿಗೆಯಾಯಿತೇ? ಈಗಷ್ಟೇ ಹೇಳಿದ ಎದೆಹಾಲಿನ ಮೂರು ಷರತ್ತು ಇದೆಯೇ? ಕಳೆದ ಮುಟ್ಟಿನಿಂದ ಸೇರಿಯೇ ಇಲ್ಲವೇ? ಬೇರೊಂದು ವಿಧಾನವನ್ನು ತಪ್ಪದೆ ಬಳಸುತ್ತಿದ್ದೀರಾ? ಒಂದಕ್ಕೆ ಹೌದು ಎಂದರೂ, ಬಸಿರಿನ ಲಕ್ಷಣ ಇಲ್ಲದಿದ್ದರೆ ಸಾಕು. ಇಷ್ಟು ವೈಯಕ್ತಿಕ ವಿಷಯ ಯಾಕೆ ಕೇಳುತ್ತಾರೆ ಎಂದು ಮುಜುಗರ ಬೇಡ, ಕೇಳುವುದು ಇದಕ್ಕೆ. ಬಾಗಿಲು ತೆರೆದಿಟ್ಟು, ಸಾಲಿನಲ್ಲಿ ನಿಂತವರ ಎದುರು ಕೇಳಿದರೆ ಮಾತ್ರ "ಒಳಗೆ ಮಾತಾಡೋಣ" ಎನ್ನಿ.

ಗುಳಿಗೆಗೆ, ಇಂಜೆಕ್ಷನ್‌ಗೆ ಬಿಪಿ ನೋಡುತ್ತಾರೆ. ವಂಕಿ ಹಾಕಬೇಕಿದ್ದರೆ ಒಳಪರೀಕ್ಷೆ ಬೇಕು. ಗುಳಿಗೆಗೆ, ಇಂಪ್ಲಾಂಟ್‌ಗೆ ಒಳಪರೀಕ್ಷೆ ಬೇಕಿಲ್ಲ, ಸುಮ್ನೆ ಹತ್ತು ಬಗೆಯ ರಕ್ತ ಪರೀಕ್ಷೆಯೂ ಬೇಕಿಲ್ಲ. ಲೈಂಗಿಕ ಸೋಂಕಿನ ಪರೀಕ್ಷೆ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಎಷ್ಟೋ ಕಡೆ ಅಲ್ಲೇ ಸಿಗುತ್ತವೆ, ಮಾಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ಅದಾದ ಮೇಲೆಯೇ ಗುಳಿಗೆ ಎಂದು ಕೂರಿಸಬಾರದು. ಫ್ಯಾಮಿಲಿ ಪ್ಲಾನಿಂಗ್ ಅಂದರೆ ಮಗು ಬೇಡ ಎನ್ನುವವರಿಗೆ ಮಾತ್ರ ಅಂತಲ್ಲ. ಬೇಕು ಎಂದರೂ ಆಗದಿರುವವರ ಮೊದಲ ಮಾತುಕತೆಗೂ ಜಾಗ ಅದೇ. ಗಂಡ ಹೆಂಡತಿ ಇಬ್ಬರೂ ಹೋಗಿ.

ಯಾವ ಕಾಗದ ಮನೆಗೆ ತರದಿದ್ದರೂ ಒಂದು ಚೀಟಿ ಮಾತ್ರ ಬರೆಸಿಕೊಂಡು ಬನ್ನಿ. ಏನು ಕೊಟ್ಟರು, ಅದರ ಪೂರ್ತಿ ಹೆಸರು, ಯಾವ ದಿನ ಹಾಕಿದರು, ಯಾವ ದಿನ ಬದಲಿಸಬೇಕು. ಹತ್ತು ವರ್ಷದ ವಂಕಿ ಹಾಕಿಸಿಕೊಂಡು, ಹಾಕಿದ ವರ್ಷ ಯಾವುದು ಎಂದೇ ನೆನಪಿಲ್ಲದೆ ಬರುವವರು ಇದ್ದಾರೆ. ಅವರ ತಪ್ಪಲ್ಲ, ಮರೆತಿರಲಿ ಎಂದೇ ತಾನೆ ಅದನ್ನು ಹಾಕಿದ್ದು. ಚೀಟಿಯ ಫೋಟೊ ತೆಗೆದು ಮೊಬೈಲಿನಲ್ಲಿಟ್ಟು, ತೆಗೆಸಬೇಕಾದ ತಿಂಗಳಿಗೆ ಒಂದು ರಿಮೈಂಡರ್ ಹಾಕಿಬಿಡಿ.